ಹದಿನಾಲ್ಕನೇ ಕಂಬ

ಮಗಳು ಈಗ ಒಂಬತ್ತನೇ ತರಗತಿ. ಹೋದ ವಾರ ಅವಳಿಗೆ ಗ್ರಾಫ್ ಕಾಗದ ತರಲು ಜತ್ತದ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಕಟ್ಟು ಬಿಚ್ಚಿದಾಗ ಹೊಸ ಕಾಗದದ ವಾಸನೆ ಬಂತು. ಆ ಸಣ್ಣ ಹಸಿರು ಚೌಕಗಳನ್ನು ಕಂಡ ಕೂಡಲೇ ಮುಖ ತಿರುಗಿಸಿದೆ. ನಾನು ಕಲಿತದ್ದು ಆರನೇ ತರಗತಿಯವರೆಗೆ ಮಾತ್ರ. ಆದರೂ ಆ ಕಾಗದ ಓದಲು ನನಗೆ ಬರುತ್ತದೆ. ಕಲಿಸಿದವರು ತಂಗಿಯ ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದ ಅಕ್ಕೋರು...

ಆಗ ನನಗೆ ಇಪ್ಪತ್ತು. ಕರಜಗಿಯ ಹೊರಗೆ ಹೊಲದಲ್ಲಿ ನಮ್ಮ ಮನೆ. ತಂಗಿಯನ್ನು ದಿನಾ ಬೈಕ್ ಗಾಡಿಯ ಮೇಲೆ ಶಾಲೆಗೆ ಬಿಡುವುದು ನನ್ನ ಕೆಲಸ. ದಾರಿಯಲ್ಲೊಂದು ಪಾಳುಬಿದ್ದ ಕಲ್ಲಿನ ಖಣಿ. ಅದರೊಳಗೆ ನನ್ನ ಗೆಳೆಯರು ಇಸ್ಪೀಟು ಆಡುತ್ತಿದ್ದರು. ತಂಗಿಯನ್ನು ರಸ್ತೆಯ ಬದಿಗೆ ಕೂರಿಸಿ ನಾನು ಕೆಳಗಿಳಿಯುತ್ತಿದ್ದೆ. “ಅಪ್ಪಗ ಹೇಳಿದಿ ಅಂದ್ರ ನಿನ್ನ ಸಾಲಿ ಬಂದ್ ನೋಡು” ಎಂದು ಹೆದರಿಸಿದ್ದೆ. ಅವಳು ಹೇಳಲಿಲ್ಲ. ನಾನು ಮರಳಿ ಬಂದಾಗ ಅವಳ ಮುಷ್ಟಿಯಲ್ಲಿ ಒಂದು ಕಲ್ಲು ಇರುತ್ತಿತ್ತು. ಯಾರಿಗೆ ಹೆದರಿ ಹಿಡಿದಿದ್ದಾಳೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ನೋಡಿ ನಗುತ್ತಿದ್ದೆ.

ನೇರ ದಾರಿಯ ಚಲನೆಯ ಪಾಠ ಬಂದಾಗ ಅಕ್ಕೋರು ಪುಸ್ತಕ ಮುಚ್ಚಿಟ್ಟು, ಮನೆಯಿಂದ ಶಾಲೆಗೆ ಬರುವ ದಾರಿಯನ್ನೇ ಮಕ್ಕಳಿಗೆ ಲೆಕ್ಕವಾಗಿ ಕೊಟ್ಟಿದ್ದರು. ಲೈಟಿನ ಕಂಬ ಎಣಿಸಬೇಕು, ಒಂದೊಂದು ಕಂಬಕ್ಕೂ ವೇಳೆ ಬರೆದುಕೊಳ್ಳಬೇಕು, ಗ್ರಾಫ್ ತೆಗೆಯಬೇಕು. ತಂಗಿಗೆ ತಮ್ಮ ಕೈಗಡಿಯಾರವನ್ನೇ ಒಂದು ವಾರ ಕೊಟ್ಟಿದ್ದರು. ನನ್ನ ಬೆನ್ನ ಹಿಂದೆ ಕುಳಿತು ಅವಳು ಕಂಬ ಎಣಿಸುವುದು ಕೇಳಿಸುತ್ತಿತ್ತು. ಆಟವೆಂದುಕೊಂಡೆ.

ಶನಿವಾರ ಮಕ್ಕಳು ಹೋದ ಮೇಲೆ ಅಕ್ಕೋರು ನನ್ನನ್ನು ಒಳಗೆ ಕರೆದರು.

“ಆ ಗ್ವಾಡಿಯಿಂದ ಈ ಗ್ವಾಡಿಗೆ ನಡಿಯಪಾ.”

ನಾನು ಗೋಡೆಯಿಂದ ಗೋಡೆಗೆ ನಡೆದಂತೆ ಬೋರ್ಡಿನ ಮೇಲೆ ಅವರು ಎಳೆಯುತ್ತಿದ್ದ ಗೆರೆ ಏರಿತು. ಜೋರಾಗಿ ನಡೆದರೆ ಕಡಿದಾಗಿ ಏರಿತು. “ನಿಂದ್ರು” ಎಂದರು. ನಿಂತೆ. ಗೆರೆ ಏರುವುದನ್ನು ಬಿಟ್ಟು ಅಡ್ಡಕ್ಕೆ ಹೋಯಿತು.

“ತಿಳೀತಿಲ್ಲೋ? ನೀ ನಿಂತ್ರೂ ಗಡಿಯಾರ ನಿಂದ್ರೂದಿಲ್ಲ.”

ಆಮೇಲೆ ತಂಗಿಯ ಐದು ಕಾಗದಗಳನ್ನು ಮೇಜಿನ ಮೇಲೆ ಹರವಿದರು. ಐದರಲ್ಲೂ ಗೆರೆ ಖಣಿಯ ಎದುರಿನ ಹದಿನಾಲ್ಕನೇ ಕಂಬದ ಹತ್ತಿರ ಇಪ್ಪತ್ತೈದು ನಿಮಿಷ ಮಲಗಿತ್ತು.

“ಗಾಡಿ ಪಂಕ್ಚರ್ ಆಗಿತ್ರಿ” ಎಂದೆ.

“ನಿನ್ನ ಗಾಡಿ ಭಾಳ ಶಾಣ್ಯಾ ಐತಿ ಬಿಡು. ದಿನಾ ಅದೇ ಕಂಬ ಹುಡುಕಿ ಪಂಕ್ಚರ್ ಆಗ್ತೈತಿ.” ಅವರು ನಗಲಿಲ್ಲ. “ನಾಳಿ ನಿಮ್ಮ ಮನಿಗೆ ಬರ್ತೀನಿ.”

ಇಪ್ಪತ್ತು ವರ್ಷದವನಾದರೂ ಅಪ್ಪ ಬಾರುಕೋಲು ಎತ್ತಿಕೊಂಡರೆ ನನ್ನ ಬಾಯಿ ಒಣಗುತ್ತಿತ್ತು.

ಅಕ್ಕೋರು ಹೇಳಿದಂತೆ ಬಂದರು. ದಾರಿಯಲ್ಲಿ ಆ ಕಂಬ, ಆ ಖಣಿ ನೋಡಿಕೊಂಡೇ ಬಂದಿದ್ದರು; ಎಲ್ಲವನ್ನೂ ಬಿಡಿಸಿ ಹೇಳಿದರು. ಅಪ್ಪ ಕಾಗದವನ್ನು ತಿರುವಿ ತಿರುವಿ ನೋಡಿ ನನ್ನತ್ತ ಚಾಚಿದರು. “ಹುಡುಗೀನ ಖಣಿ ಹಂತ್ಯಾಕ ಕುಂದ್ರಿಸಿ ಹೋಗ್ತಿಯಂತ. ಖರೇ ಏನು?”

ಆ ಗೆರೆ ನನಗೆ ಸ್ಪಷ್ಟವಾಗಿ ಓದಲು ಬರುತ್ತಿತ್ತು.

“ಸುಳ್ಳು. ಆಕಿ ತಪ್ಪ ತಗದಾಳ” ಎಂದೆ.

ಅಪ್ಪ ತಂಗಿಯ ಕಡೆ ತಿರುಗಿದರು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಅವಳು ನನ್ನ ಮುಖ ನೋಡಿದಳು. ನಾನು ಕಣ್ಣು ಕೆಕ್ಕರಿಸಿದೆ.

“ನಂದ ತಪ್ಪಾತ್ರಿ, ಅಕ್ಕೋರ.”

ಅಕ್ಕೋರು ಅವಳ ತಲೆಯ ಮೇಲೆ ಕೈಯಿಟ್ಟರು. “ನಿಂದೇನೂ ತಪ್ಪಿಲ್ಲವಾ. ಗೆರಿ ಸರಿ ಐತಿ.”

ಅಪ್ಪ ಎದ್ದು ನಿಂತರು. “ಗೆರಿ ತಗದು ಮನ್ಯಾಗ ಜಗಳ ಹಚ್ಚೂ ಸಾಲಿ ನಮಗ ಬ್ಯಾಡ್ರಿ. ನೀವಿನ್ನ ಹೋಗಿ ಬರ್ರಿ.”

ಮನೆಗೆ ಬಂದವರಿಗೆ ಒಂದು ಕಪ್ ಚಹಾವನ್ನೂ ಕೊಡಲಿಲ್ಲ. ತಂಗಿಯ ಶಾಲೆ ಅಂದಿಗೆ ಮುಗಿಯಿತು. ನಾನು ನಿಜ ಹೇಳಿದ್ದರೆ ನಾಲ್ಕು ಏಟು ಬೀಳುತ್ತಿದ್ದವು, ಅಷ್ಟೇ...

ಅಪ್ಪ ಈಗ ಇಲ್ಲ. ಅಕ್ಕೋರೂ ತೀರಿಕೊಂಡರೆಂದು ಗ್ರಾಫ್ ಕಾಗದ ತರಲು ಹೋದ ದಿನವೇ ಜತ್ತದಲ್ಲಿ ಯಾರೋ ಹೇಳಿದರು. ಮೊನ್ನೆ ದರಿಬಡಚಿಗೆ, ತಂಗಿಯ ಮನೆಗೆ ಹೋದೆ. ಸುದ್ದಿ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು.

“ನಾ ಅವರ ಮುಂದ ಸುಳ್ಳ ಹೇಳಿದ್ನಿ, ಅಣ್ಣಾ. ಒಮ್ಮೆ ಹೋಗಿ ಮಾಫಿ ಕೇಳಬೇಕಂತಿದ್ದೆ. ಆಗಲೇ ಇಲ್ಲ.”

ಇಷ್ಟು ವರ್ಷ ಅವಳು ಅದನ್ನು ತನ್ನ ಸುಳ್ಳೆಂದು ಇಟ್ಟುಕೊಂಡಿದ್ದಳು. ಅದು ನನ್ನದು ಎಂದು ಅಲ್ಲೇ ಹೇಳಬೇಕಿತ್ತು. ಅವಳು ತಟ್ಟೆಗೆ ಬಿಸಿ ರೊಟ್ಟಿ ಹಾಕಿದಳು. ನಾನು ತಲೆ ತಗ್ಗಿಸಿ ಉಂಡು ಬಂದೆ.