ಕುದುರೆಗೆ ಬಂದ ಸಕ್ಕರೆ

ಅಪ್ಪನಿಗೆ ಸಕ್ಕರೆ ಕಾಯಿಲೆ ಇರುವುದು ಬಸವನ ಬಾಗೇವಾಡಿಯಲ್ಲಿ ಅವ್ವನಿಗೆ, ನನಗೆ ಮತ್ತು ಡಾಕ್ಟರಿಗೆ ಮಾತ್ರ ಗೊತ್ತಿತ್ತು. ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ ಹೇಳುವುದು ಕಷ್ಟ. ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ಜನರನ್ನು ಗದರಿಸಿಕೊಂಡೇ ನಿವೃತ್ತನಾದ ಮನುಷ್ಯ ಅವನು. ಒಂದು ಉಂಡಿಗೆ ಹೆದರುತ್ತಾನೆಂದು ಊರು ಆಡಿಕೊಳ್ಳುವುದು ಅವನಿಗೆ ಬೇಡವಾಗಿತ್ತು. ರಕ್ತದ ಸಕ್ಕರೆ ನೋಡಲು ಸೊಲ್ಲಾಪುರದ ಅಕ್ಕ ತಂದುಕೊಟ್ಟ ಪುಟ್ಟ ಯಂತ್ರವನ್ನು ಅವ್ವ ಹಿಟ್ಟಿನ ಡಬ್ಬಿಯ ಹಿಂದೆ ಅಡಗಿಸಿ ಇಟ್ಟಿದ್ದಳು.

ನಿವೃತ್ತಿಯ ಮೇಲೆ ಅಪ್ಪ ಒಂದು ಹೆಣ್ಣು ಕುದುರೆ ಕೊಂಡ. ಹಳೆಯ ಕೊಲ್ಹಾರ ಊರು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದಾಗ ಹೊಸ ಮನೆಯಲ್ಲಿ ಕುದುರೆ ಕಟ್ಟಲು ಜಾಗ ಸಾಲದವರೊಬ್ಬರು ಮಾರಿದ್ದು. "ಊರ ಮುಳಗಿಸಿದವ್ರು ನೀವು, ಕುದರೀನೂ ನೀವ ಕಟ್ಕೋರಿ" ಅಂದರಂತೆ. ಅಪ್ಪನಿಗೆ ಅದು ನ್ಯಾಯವೆಂದೇ ತೋರಿತು.

ದಿನಾ ಸಂಜೆ ಸಣ್ಣ ಟಾಂಗಾ ಹೂಡಿಕೊಂಡು ಪರಿಚಯದವರ ಮನೆಗಳಿಗೆ ಹೋಗುತ್ತಿದ್ದ. ನಮ್ಮ ಕಡೆ ಹೊಸ್ತಿಲು ದಾಟಿದವನ ಬಾಯಿಗೆ ಸಿಹಿ ಬೀಳಲೇಬೇಕು. ಬೇಡವೆಂದರೆ ಆ ಮನೆಯ ಹೆಣ್ಣುಮಗಳಿಗೆ ಅವಮಾನ. ಅಪ್ಪ ಎಂದೂ ಬೇಡ ಅನ್ನಲಿಲ್ಲ. "ದಾರ್‍ಯಾಗ ತಿಂತೇನ್ರಿ" ಎಂದು ಶೇಂಗಾ ಹೋಳಿಗೆ, ಉಂಡಿ, ಕರದಂಟು ಎಲ್ಲವನ್ನೂ ಕಿಸೆಗೆ ಹಾಕಿಕೊಳ್ಳುತ್ತಿದ್ದ. ಮನೆಗೆ ಬಂದಾಗ ಅವ್ವ ತಡಕಿದರೆ ಕಿಸೆ ಖಾಲಿ. ಆದರೂ ಅವನ ಸಕ್ಕರೆ ಹದ್ದುಬಸ್ತಿನಲ್ಲೇ ಇತ್ತು. ಡಾಕ್ಟರು ಶಹಬ್ಬಾಸ್ ಅಂದರು. ಅವ್ವ ತಾನು ದಿನಾ ತಿನ್ನಿಸುವ ಹಾಗಲಕಾಯಿಗೆ ಶಹಬ್ಬಾಸ್ ಅಂದುಕೊಂಡಳು.

ಒಂದು ಶ್ರಾವಣದಲ್ಲಿ ಕುದುರೆ ಮುಂಗಾಲುಗಳನ್ನು ಮುಂದೆ ಚಾಚಿ, ಭಾರವನ್ನೆಲ್ಲ ಹಿಂದೆ ಹಾಕಿ ನಿಂತುಬಿಟ್ಟಿತು. ಹೆಜ್ಜೆ ಎತ್ತಲೊಲ್ಲದು. ದನದ ಡಾಕ್ಟರು ಬಂದು ಗೊರಸು ಮುಟ್ಟಿ ನೋಡಿದರು. ಕಾದಿತ್ತು.

"ಇದು ಕಾಲಿನ ರೋಗ ಅಲ್ರಿ, ಬಾಯಿಂದ ಬಂದದ್ದು" ಅಂದರು. ಸಿಹಿ ಹೆಚ್ಚಾದರೆ ಕುದುರೆಯ ಗೊರಸಿನೊಳಗೆ ಬಾವು ಬರುತ್ತದಂತೆ. ಒಳಗಿನ ಎಲುಬು ಕೆಳಗೆ ಜಾರಿದರೆ ಮತ್ತೆ ನಡೆಯುವುದಿಲ್ಲ. ಆಗ ಸೂಜಿ ಚುಚ್ಚಿ ಶಾಶ್ವತವಾಗಿ ಮಲಗಿಸುವುದೊಂದೇ ದಾರಿ. ರಾತ್ರಿ ಒಂದು ಹಿಡಿ ಒಣಹುಲ್ಲು ಬಿಟ್ಟು ಏನೂ ಕೊಡಬೇಡಿ, ಮುಂಜಾನೆ ರಕ್ತದ ಸಕ್ಕರೆ ನೋಡೋಣ, ಆದರೆ ನನ್ನ ಹತ್ತಿರ ಯಂತ್ರವಿಲ್ಲ ಅಂದರು. ಅವ್ವ ಒಳಗೆ ಹೋಗಿ ಹಿಟ್ಟಿನ ಡಬ್ಬಿ ಸರಿಸಿದಳು.

"ಇದು ಯಾರದ್ರಿ?" ಅಂದರು ಡಾಕ್ಟರು.

"ಕುದರೀದ" ಅಂದ ಅಪ್ಪ.

ಮರುದಿನ ಡಾಕ್ಟರು ಅದರ ಕುತ್ತಿಗೆಯ ನರದಿಂದ ರಕ್ತ ತೆಗೆದರು. ಯಂತ್ರ ನನ್ನ ಕೈಯಲ್ಲಿತ್ತು; ಪಟ್ಟಿಯ ಮೇಲೆ ಒಂದು ಹನಿ ಬಿಟ್ಟರು. ಬಂದ ಅಂಕಿ ನೋಡಿ, "ರಾತ್ರಿ ಏನರೆ ಕೊಟ್ಟೀರೇನು?" ಅಂದರು.

ಅಪ್ಪ ಗೋದಲಿಯ ಕಡೆ ನೋಡಿದ. "ಒಂದ ಉಂಡಿ. ಹಸದು ನನ್ನ ಕಿಸೇನ ಮೂಸಿ ನೋಡಾಕತ್ತಿತ್ತು."

"ನಿನ್ನೆ ಅಷ್ಟನ?"

"ದಿನಾ. ಯಾರ ಮನ್ಯಾಗ ಏನ ಕೊಟ್ರೂ ಇದಕ್ಕ."

ಅವ್ವನಿಗೆ ಹಾಗಲಕಾಯಿಯ ಪ್ರತಾಪ ಅರ್ಥವಾಯಿತು. "ನಿಮ್ಮ ರೋಗಾ ಒಯ್ದು ಆ ಮೂಕಪ್ರಾಣಿಗಿ ಹಚ್ಚೀರಲ್ಲ!" ಎಂದು ಕೂಗಿದಳು. ಅಪ್ಪ ಕುದುರೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಅತ್ತ. ಅವನು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಪಾಪವೆನಿಸಿತು, ಒದೆಯಬೇಕು ಎಂದೂ ಅನಿಸಿತು.

ಕಾಳು, ಬೆಲ್ಲ ಬಂದ್ ಆದವು. ಒಣಹುಲ್ಲನ್ನೂ ಅದರ ಸಿಹಿ ಹೋಗಲೆಂದು ನೀರಲ್ಲಿ ನೆನೆಸಿ, ಬಸಿದು ಕೊಡಬೇಕಾಯಿತು. ಕಾಲಡಿ ಉಸುಕು ಹಾಸಿದೆವು. ಮುಂಜಾನೆ ಡಾಕ್ಟರು ಸಾಲಿ ಹುಡುಗರು ಹೋಗುವ ಹೊತ್ತಿಗೇ ಬರುತ್ತಿದ್ದರು. ಓಣಿಯವರು ಗೇಟಿನ ಹತ್ತಿರ ನಿಂತು, "ಕುದರೀದು ಇವತ್ತ ಎಷ್ಟ ಬಂತ್ರಿ?" ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಆಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅಪ್ಪನ ಬೆರಳು ಚುಚ್ಚುತ್ತಿದ್ದೆವು. ಅದನ್ನು ಯಾರೂ ಕೇಳಲಿಲ್ಲ.

ಕುದುರೆಯದು ಇಳಿಯುತ್ತ ಬಂತು. ಅಪ್ಪನದು ಏರುತ್ತ ಹೋಯಿತು. ಕಾರಣ ಸರಳ: ಜನ ಉಪಚಾರ ಬಿಟ್ಟಿರಲಿಲ್ಲ, ಇವನು ಬೇಡ ಅನ್ನುವುದನ್ನು ಕಲಿತಿರಲಿಲ್ಲ, ಈಗ ಕೊಟ್ಟದ್ದನ್ನು ತಾನೇ ತಿನ್ನುತ್ತಿದ್ದ. ಅವನ ಪಾದದಲ್ಲಿ ಒಂದು ಗಾಯ ಮಾಯದೆ ಉಳಿಯಿತು. ಹೀಗೇ ಬಿಟ್ಟರೆ ಕಾಲೇ ಹೋದೀತು ಎಂದು ಅಪ್ಪನ ಡಾಕ್ಟರು ಅವ್ವನನ್ನು ಪಕ್ಕಕ್ಕೆ ಕರೆದು ಹೇಳಿದರು. ಅವ್ವ ಬೇಡಿಕೊಂಡಳು, ಬೈದಳು, ಊಟ ಬಿಟ್ಟಳು. ಅಪ್ಪ ಹೂಂ ಅಂದು ಇನ್ನೊಬ್ಬರ ಮನೆಗೆ ಹೋಗಿ ಸಿಹಿ ಸಜ್ಜಕ ತಿಂದು ಬಂದ.

ದೀಪಾವಳಿ ಮುಗಿದ ಮೇಲೆ ಕುದುರೆ ಉಸುಕು ದಾಟಿ ಬಾವಿಯವರೆಗೆ ನಡೆಯಿತು. ಅದೇ ವಾರ ಮುದ್ದೇಬಿಹಾಳದಲ್ಲಿ ನೆಂಟರ ಮದುವೆ. ಪಂಕ್ತಿಯಲ್ಲಿ ಹೋಳಿಗೆ ಬಡಿಸುವವರು ಅಪ್ಪನ ಎಲೆಗೆ ಬಗ್ಗಿದಾಗ ಅವನು ಎರಡೂ ಕೈ ಅಡ್ಡ ಹಿಡಿದ.

"ಬ್ಯಾಡ್ರಿ. ನಮ್ಮ ಕುದರಿಗೆ ಸಕ್ಕರಿ ಐತಿ."

"ಕುದರಿಗೆ ಐತ್ರಿ, ನಿಮಗೇನಾತು? ಒಂದರೆ ಹಾಕ್ತೇನಿ."

"ನಾ ಕೈ ಒಡ್ಡಿದ್ರ ಅದು ಕುಂಟತೈತ್ರಿ. ಬ್ಯಾಡಂದ್ರ ಬ್ಯಾಡ."

ಬಡಿಸುವವರಿಗೆ ಏನು ತಿಳಿಯಿತೋ, ಮುಂದಿನ ಎಲೆಗೆ ಹೋದರು. ಯಾರೂ ನಗಲಿಲ್ಲ. ಯಾರಿಗೂ ಅವಮಾನವಾಗಲಿಲ್ಲ. ಇಷ್ಟು ಸುಲಭದ ಕೆಲಸಕ್ಕೆ ಮನೆಮಂದಿಯೆಲ್ಲ ಸಾಯಬೇಕಾಯಿತೇ ಎಂದು ನನಗೆ ಉರಿಯಿತು.

ತಿರುಗಿ ಬರುವಾಗ ಬಸ್ಸು ನಿಡಗುಂದಿ ದಾಟಿತು. ಅವ್ವ ಅಂದಳು, "ಎಷ್ಟ ಸಲ ಬೇಡಕೊಂಡೇನಿ. ನನ್ನ ಸಲುವಾಗಿ ಒಮ್ಮಿನೂ ಬ್ಯಾಡ ಅನಲಿಲ್ಲ ನೀವು."

"ನೀ ಎಂದೂ ಕುಂಟಲಿಲ್ಲಲ್ಲ" ಅಂದ ಅಪ್ಪ.

"ಹಂಗಾರ ನಾಳಿಯಿಂದ ಕುಂಟತೇನಿ" ಅಂದಳು ಅವ್ವ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ.

ಬಾಗೇವಾಡಿಯಲ್ಲಿ ಇಳಿದು ಅವಳು ಎಂದಿನಂತೆ ಮುಂದೆ ಮುಂದೆ ನಡೆದಳು. ಅಪ್ಪ ಮನೆ ಬರುವತನಕ ಅವಳ ಕಾಲುಗಳನ್ನೇ ನೋಡುತ್ತ ಹಿಂದೆ ಬಂದ.