ಎತ್ತರದ ವ್ಯಾನು, ಗಿಡ್ಡ ಹೆಂಡತಿ

ನಮ್ಮ ವ್ಯಾನು ಎತ್ತರ, ನಾನು ಗಿಡ್ಡ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಜಗಳಗಳೆಲ್ಲ ಓದುವವರಿಗೆ ತಾನಾಗಿಯೇ ಅರ್ಥವಾಗುತ್ತವೆ. ವ್ಯಾನಿನ ತಲೆಯ ಮೇಲೆ ಒಂದು ಕಬ್ಬಿಣದ ಕ್ಯಾರಿಯರ್ ಇದೆ. ನಾನು ತುದಿಗಾಲಲ್ಲಿ ನಿಂತು ಕೈ ಚಾಚಿದರೂ ನನ್ನ ಬೆರಳಿಗೂ ಅದಕ್ಕೂ ನಡುವೆ ಒಂದು ಮೊಳ ಉಳಿಯುತ್ತದೆ. ಪ್ರತಿ ಭಾನುವಾರ ಬೆಳಗ್ಗೆ ಆ ಕ್ಯಾರಿಯರಿಗೆ ಮೂರು ಕಯಾಕು, ಅವುಗಳ ಮೇಲೆ ಎರಡು ಪ್ಯಾಡಲ್‌ಬೋರ್ಡು ಏರಬೇಕು.

ವ್ಯಾನು ಕೊಂಡ ದಿನವೇ ಕೇಳಿದ್ದೆ, ಇಷ್ಟು ಎತ್ತರದ್ದು ಯಾಕೆ ಎಂದು. ಒಳಗೆ ಜನ ತಲೆ ಬಗ್ಗಿಸದೆ ನಿಲ್ಲಬಹುದು ಎಂದರು ಇವರು. ಇವರು ಎಂದರೆ ನನ್ನ ಗಂಡ. ನಾನು ಯಾವ ವ್ಯಾನಿನಲ್ಲೂ ತಲೆ ಬಗ್ಗಿಸಬೇಕಾಗಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಕ್ಕರು. ಆಮೇಲೆ ಎರಡು ದಿನ ನಾನು ಮಾತಾಡಲಿಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಮನೆಯಲ್ಲಿ ನಮ್ಮದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದರಿಂದ ನನ್ನ ಬೈಗುಳಕ್ಕೆ ಸ್ವಲ್ಪ ನೀರು ಬೆರೆತಿದೆ.

ಕಯಾಕು ನೋಡದವರಿಗಾಗಿ ಹೇಳುತ್ತೇನೆ. ಒಬ್ಬರು ಕಾಲು ಚಾಚಿ ಕುಳಿತು ಹುಟ್ಟು ಹಾಕುತ್ತ ಹೋಗುವ, ಎರಡಾಳುದ್ದದ ಪ್ಲಾಸ್ಟಿಕ್ ವಸ್ತು ಅದು. ಪ್ಯಾಡಲ್‌ಬೋರ್ಡು ಎಂದರೆ ನೀರಿನ ಮೇಲೆ ನಿಂತು ಸಾಗುವ ದಪ್ಪ ಹಲಗೆ. ಎರಡೂ ಮಣಿಪಾಲದಲ್ಲಿ ಪಾಠ ಮಾಡುವ ಒಬ್ಬ ಮೇಡಂ ಅವರದ್ದು. ವಾರವಿಡೀ ಕಾಲೇಜು, ಭಾನುವಾರ ಆಸಕ್ತರಿಗೆ ನೀರಿನ ಪಾಠ. ಅವರಿರುವುದು ನಾಲ್ಕನೇ ಮಹಡಿಯಲ್ಲಿ, ಅಲ್ಲಿ ಕಯಾಕು ಇಡುವುದು ಹೇಗೆ? ಹಾಗಾಗಿ ಪರ್ಕಳದ ನಮ್ಮ ಅಂಗಳದ ತಗಡಿನ ಮಾಡಿನಡಿ ಇಟ್ಟಿದ್ದಾರೆ. ಒಂದು ವಾರ ಸ್ವರ್ಣಾ ನದಿ, ಒಂದು ವಾರ ಕಾಪುವಿನ ಕಡಲು, ಇನ್ನೊಂದು ವಾರ ಕಾರ್ಕಳದ ಕೆರೆ. ಅಲ್ಲಿಗೆ ಒಯ್ದು ವಾಪಸು ತರುವುದು ಇವರ ಕೆಲಸ. ನಾನು ಮನೆಯಲ್ಲಿ ರವಿಕೆ ಹೊಲಿಯುತ್ತೇನೆ, ಭಾನುವಾರ ಮಾತ್ರ ಜೊತೆಗೆ ಹೋಗಿ ಲೈಫ್ ಜಾಕೆಟ್ ಎಣಿಸುತ್ತೇನೆ.

ಇವರು ಕಾರ್ಕಳದವರು, ಕಲ್ಲು ಕೆಲಸದ ಮನೆಯವರು. ಬಂಡೆಯ ಊರಿನವರಿಗೆ ಕಣ್ಣಿಗೆ ಕಂಡದ್ದೆಲ್ಲ ಎತ್ತುವ ವಸ್ತು. ಒಂದೊಂದು ಕಯಾಕನ್ನೂ ಹೆಗಲಿಗೇರಿಸಿ, ವ್ಯಾನಿನ ಹಿಂದಿನ ಏಣಿ ಹತ್ತಿ, ಒಬ್ಬರೇ ಮೇಲೆ ಮಲಗಿಸಿ ಕೆಳಗಿಳಿದು, ಕೈ ಕೊಡವಿ, ಯಾರಾದರೂ ನೋಡಿದರಾ ಎಂದು ಒಮ್ಮೆ ಸುತ್ತ ನೋಡುತ್ತಿದ್ದರು. ಕಲಿಯಲು ಬಂದವರು ಕೈಹಾಕಲು ಬಂದರೆ, ಬಂದವರ ಕೈಯಲ್ಲಿ ಭಾರ ಹೊರಿಸುವುದುಂಟಾ ಎಂದು ಗದರುತ್ತಿದ್ದರು. ನಾನು ಎರ್ಮಾಳಿನ ಮೀನುಗಾರರ ಮನೆಯ ಮಗಳು. ದೋಣಿ ಎಂದರೆ ಏನು ಎಂದು ನನಗೆ ಗೊತ್ತು. ಹಾಗಾಗಿ ಈ ಕಯಾಕನ್ನು ನಾನು ದೋಣಿ ಎನ್ನಲೇ ಇಲ್ಲ. ಸ್ನಾನದ ತೊಟ್ಟಿಗೆ ಬಣ್ಣ ಬಳಿದು ಕಡಲಿಗೆ ಬಿಟ್ಟಿದ್ದಾರೆ ಎಂದು ಅಣ್ಣನ ಹತ್ತಿರ ಹೇಳಿ ನಗುತ್ತಿದ್ದೆ.

ಕಳೆದ ದೀಪಾವಳಿಯ ಹೊತ್ತಿಗೆ ಇವರಿಗೆ ಎದೆನೋವು ಬಂತು. ಬೈಪಾಸ್ ಆಯಿತು. ಎದೆಯ ಮೂಳೆ ಕೊಯ್ದು ತಂತಿ ಹಾಕಿ ಕಟ್ಟಿದ್ದೇವೆ, ಮೂರು ತಿಂಗಳು ನೀರಿನ ಕೊಡಪಾನ ಕೂಡ ಎತ್ತಬೇಡಿ ಎಂದರು ಡಾಕ್ಟರು. ಆಮೇಲೆ ಡ್ರೈವಿಂಗ್ ಮಾಡಬಹುದು, ಆದರೆ ತಲೆಯ ಮೇಲೆ ಭಾರ ಎತ್ತುವ ಕೆಲಸವನ್ನು ಮರೆತುಬಿಡಿ ಎಂದರು. ಇವರು ತಲೆಯಾಡಿಸಿದರು. ಮನೆಗೆ ಬಂದ ಮೇಲೆ ನನಗೆ ಹೇಳಿದ್ದು ಒಂದೇ ಮಾತು: ಇದು ಯಾರಿಗೂ ಗೊತ್ತಾಗಬಾರದು. ಮೇಡಂಗೆ ಫೋನ್ ಮಾಡಿ, ಊರಿನಲ್ಲಿ ಜಾಗದ ತಕರಾರು ಉಂಟು, ಮೂರು ತಿಂಗಳು ಬರಲಿಕ್ಕಾಗುವುದಿಲ್ಲ ಎಂದರು. ಪಾಪ, ಆ ಹೆಂಗಸು ನಂಬಿ ಕಾದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದಕ್ಕೆ ನಮ್ಮ ಮನೆಯಲ್ಲೇ ಸಾಕ್ಷಿ ಇತ್ತು.

ಮೂರು ತಿಂಗಳು ಕಳೆಯಿತು. ಮುಂದಿನ ಭಾನುವಾರದಿಂದ ಶುರು ಮಾಡೋಣ ಎಂದು ಮೇಡಂ ಅವರ ಫೋನ್ ಬಂತು. ಇವರು ಆಗಲಿ ಎಂದುಬಿಟ್ಟರು. ಎತ್ತುವುದು ಯಾರು ಎಂದು ನಾನು ಕೇಳಿದೆ. ಒಬ್ಬ ಆಳು ಇಟ್ಟುಕೊಳ್ಳುವ ಎಂದರು. ಭಾನುವಾರ ಬೆಳಗ್ಗೆ ಐದು ಗಂಟೆಗೆ ಬರುವ ಆಳು ಎಲ್ಲಿ ಸಿಗುತ್ತಾನೆ? ವಾರವಿಡೀ ವಿಚಾರಿಸಿದರೂ ಯಾರೂ ಸಿಗಲಿಲ್ಲ.

ಶನಿವಾರ ಬೆಳಗ್ಗೆ ನಾನು ಹಾಲು ತರಲು ಹೋಗಿ ಬರುವಾಗ ಅಂಗಳದಲ್ಲಿ ಇವರು ಒಂದು ಕಯಾಕಿನ ಮೂತಿಯನ್ನು ಎದೆಯ ಮಟ್ಟಕ್ಕೆ ಎತ್ತಿ ನಿಂತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಹಾಗೆ, ನಾನಿಲ್ಲದ ಹೊತ್ತು ನೋಡಿ. ಮುಖ ಬಿಳುಚಿತ್ತು. ನನ್ನನ್ನು ನೋಡಿ ಮೆಲ್ಲಗೆ ಕೆಳಗಿಟ್ಟರು. ಬರೇ ನೋಡಿದ್ದು, ಎಷ್ಟು ಭಾರ ಉಂಟು ಎಂದು, ಎಂದರು. ಹಾಲಿನ ಪ್ಯಾಕೆಟ್ಟು ನನ್ನ ಕೈಯಲ್ಲೇ ಇತ್ತು, ನೆಲಕ್ಕೆ ಬಿಸಾಡಿದೆ. ಅಂದು ನಾನು ಬೈದಷ್ಟು ಮದುವೆಯಾದಂದಿನಿಂದ ಬೈದಿರಲಿಲ್ಲ. ಬೈದು ಬೈದು ಕೊನೆಗೆ ಅತ್ತುಬಿಟ್ಟೆ. ನನಗೆ ಹೆದರಿಕೆಯಾಗಿತ್ತು, ಇನ್ನೇನಲ್ಲ.

"ಎತ್ತದಿದ್ದರೆ ನಾನು ಎಂತ ಮಾಡುವುದು, ಹೇಳು," ಎಂದರು ಇವರು. "ಮನೆಯಲ್ಲಿ ಕುಳಿತು ನಿನ್ನ ರವಿಕೆಗೆ ಗುಂಡಿ ಹಾಕುವುದಾ?"

ಎತ್ತಿದರೆ ಜೀವಕ್ಕೆ ಅಪಾಯ. ಎತ್ತದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದ ಇವರನ್ನು ಆ ಮೂರು ತಿಂಗಳು ನಾನು ಕಣ್ಣಾರೆ ಕಂಡಿದ್ದೆ. ದಿನಕ್ಕೆ ನಾಲ್ಕು ಸಲ ವ್ಯಾನು ಒರೆಸಿ, ಒಳಗೆ ಬಂದು ಗೋಡೆ ನೋಡುತ್ತ ಕೂರುತ್ತಿದ್ದರು. ನನಗೆ ಇವರ ಎದೆಯೂ ಬೇಕಿತ್ತು, ಇವರ ನಗುವೂ ಬೇಕಿತ್ತು. ಮೇಡಂಗೆ ನಾನೇ ಫೋನ್ ಮಾಡಿ ಇನ್ನೊಂದು ವಾರ ಕಾಯಿರಿ, ವ್ಯಾನು ರಿಪೇರಿಗೆ ಉಂಟು ಎಂದು ಸುಳ್ಳು ಹೇಳಿದೆ.

ಆ ವಾರ ಅಣ್ಣನ ಮನೆಗೆಂದು ಎರ್ಮಾಳಿಗೆ ಹೋದೆ. ಸಂಜೆ ಕಡಲ ಬದಿಗೆ ಹೋದಾಗ ಒಂದು ಸಣ್ಣ ದೋಣಿಯನ್ನು ಮರಳಿನ ಮೇಲೆ ತರುತ್ತಿದ್ದರು. ಅಡಿಗೆ ತೆಂಗಿನ ಮರದ ಉರುಟು ತುಂಡುಗಳನ್ನಿಟ್ಟು, ಮೂತಿಗೆ ಹಗ್ಗ ಕಟ್ಟಿ ಎಳೆಯುವುದು. ದೋಣಿ ದಾಟಿದ ಹಾಗೆ ಹಿಂದಿನ ತುಂಡನ್ನು ಎತ್ತಿ ತಂದು ಮುಂದಿಡುವುದು. ಅಣ್ಣನೂ ಅತ್ತಿಗೆಯೂ ಹಗ್ಗ ಹಿಡಿದಿದ್ದರು. ನಾನೂ ಸೀರೆ ಸಿಕ್ಕಿಸಿ ಹಿಡಿದೆ. ಚಿಕ್ಕವಳಿದ್ದಾಗ ಶಾಲೆಗೆ ಹೋಗುವ ಮೊದಲು ದಿನಾ ಮಾಡಿದ ಕೆಲಸ ಅದು. ಅಪ್ಪನ ದೋಣಿಯನ್ನು ಯಾರೂ ಒಂದು ದಿನವೂ ಎತ್ತಿದ್ದನ್ನು ನಾನು ನೋಡಿಲ್ಲ. ದೋಣಿಯನ್ನು ಎತ್ತುವವರು ಯಾರು ಮಾರಾಯರೆ? ಎಳೆಯುವುದು ತಾನೆ! ಮರಳಿನಲ್ಲಿ ನಿಂತಲ್ಲೇ ನನಗೆ ನಾಚಿಕೆಯಾಯಿತು. ತೊಟ್ಟಿ, ತೊಟ್ಟಿ ಎಂದು ಹೀಯಾಳಿಸಿ, ಅದನ್ನು ದೋಣಿಯ ಹಾಗೆ ನಡೆಸಿಕೊಳ್ಳಬೇಕೆಂದು ಇಷ್ಟು ದಿನ ನನ್ನ ತಲೆಗೇ ಹೊಳೆದಿರಲಿಲ್ಲ. ಬಂಡೆಯ ಊರಿನವರಿಗೆ ಹೊಳೆಯದಿದ್ದರೆ ಸರಿ, ಕಡಲ ಬದಿಯಲ್ಲಿ ಹುಟ್ಟಿದವಳಿಗೆ ಏನಾಗಿತ್ತು?

ಮರುದಿನ ಪರ್ಕಳದ ಅಂಗಡಿಯಿಂದ ದಪ್ಪದ ಪಿವಿಸಿ ಪೈಪು ತಂದೆ. ಕ್ಯಾರಿಯರಿನ ಹಿಂದಿನ ಸರಳಿಗೆ ಒಂದು ತುಂಡು, ಮುಂದಿನದಕ್ಕೆ ಒಂದು ತುಂಡು. ಸರಳು ಒಳಗೆ, ಪೈಪು ಹೊರಗೆ, ಮುಟ್ಟಿದರೆ ಗಿರಗಿರ ತಿರುಗಬೇಕು. ಸರಳು ಬಿಚ್ಚಿ ಪೈಪು ತೂರಿಸಿದ್ದು ಇವರೇ, ಅದು ಭಾರದ ಕೆಲಸವಲ್ಲ. ಇದೆಲ್ಲ ಆಗುವ ಮಾತಲ್ಲ ಎಂದು ಗೊಣಗುತ್ತಲೇ ಸ್ಕ್ರೂ ಬಿಗಿದರು. ವ್ಯಾನಿನ ಹಿಂಬದಿಗೆ ಗೀರು ಬೀಳದ ಹಾಗೆ ಹಳೆಯ ಚಾಪೆ ಇಳಿಬಿಟ್ಟೆ. ಕಯಾಕಿನ ಮೂತಿಗೆ ಹಗ್ಗ ಕಟ್ಟಿ, ಹಗ್ಗವನ್ನು ವ್ಯಾನಿನ ಮೇಲಿಂದ ಮುಂದಕ್ಕೆ ಎಸೆದೆವು. ಬಾಲ ನೆಲದಲ್ಲೇ ಇರಲಿ. ಏಣಿ ನಿಲ್ಲಿಸುವ ಹಾಗೆ ಮೂತಿಯ ಅಡಿಗೆ ಹೊಕ್ಕು ನಡೆದು ನಡೆದು, ಅದನ್ನು ಹಿಂದಿನ ಪೈಪಿಗೆ ಒರಗಿಸಿದೆ. ಇಷ್ಟಕ್ಕೆ ನನ್ನ ಎತ್ತರ ಸಾಕಾಯಿತು. ಆಮೇಲೆ ಮುಂದೆ ಓಡಿ ಹಗ್ಗ ಹಿಡಿದು ಎಳೆದೆ.

ಅರ್ಧ ದಾರಿ ಚೆನ್ನಾಗಿಯೇ ಏರಿತು. ಆಮೇಲೆ ಒಂದು ಬದಿಗೆ ವಾಲತೊಡಗಿತು. ಹಗ್ಗವನ್ನು ನಾನು ನಡು ಮೂತಿಗೆ ಕಟ್ಟುವ ಬದಲು ಬದಿಯ ಹಿಡಿಕೆಗೆ ಕಟ್ಟಿದ್ದೆ, ಅವಸರದವಳು. ನಾನಿದ್ದದ್ದು ಮುಂದೆ, ಬೀಳುತ್ತಿದ್ದದ್ದು ಹಿಂದೆ, ಅಲ್ಲಿ ನಿಂತಿದ್ದವರು ಇವರು. ವ್ಯಾನಿನ ಬದಿಯಿಂದ ಇಣುಕಿದಾಗ ಕಂಡಿತು, ಎರಡೂ ಕೈ ಮೇಲೆತ್ತಿ ಅದರ ಅಡಿಗೆ ಹೋಗುತ್ತಿದ್ದಾರೆ.

"ಬಿಡಿ!" ಎಂದು ಕಿರುಚಿದೆ. "ಬೀಳಲಿ, ಬಿಡಿ!"

ಇವರು ನಿಂತರು. ಒಂದು ಹೆಜ್ಜೆ ಹಿಂದೆ ಹೋದರು. ಕಯಾಕು ಹಿಂದಿನ ಲೈಟನ್ನು ಒಡೆದುಕೊಂಡು ಅಂಗಳಕ್ಕೆ ಬಿತ್ತು. ನಾನು ಓಡಿ ಬಂದಾಗ ಇವರ ಕೈಗಳು ಇನ್ನೂ ಮೇಲೆಯೇ ಇದ್ದವು, ಖಾಲಿಯಾಗಿ. ಜೀವಮಾನವಿಡೀ ಬೀಳುವುದನ್ನು ಹಿಡಿದ ಮನುಷ್ಯ ಕಣ್ಣೆದುರು ಒಂದು ವಸ್ತುವನ್ನು ಬೀಳಲು ಬಿಟ್ಟಿದ್ದರು. ಕಣ್ಣು ತುಂಬಿತ್ತು. ನಾನು ಆ ಕೈಗಳನ್ನು ಹಿಡಿದು ಕೆಳಗಿಳಿಸಿದೆ. ಅಂದು ಮಾತ್ರ ಬೈಯಲಿಲ್ಲ.

ಕಯಾಕಿಗೆ ಏನೂ ಆಗಿರಲಿಲ್ಲ, ಗಟ್ಟಿ ಜಾತಿ. ಹಗ್ಗವನ್ನು ನಡುವಿಗೆ ಕಟ್ಟಿ ಮತ್ತೆ ಎಳೆದೆ. ಇವರು ದೂರ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎಡಕ್ಕೆ, ಬಲಕ್ಕೆ ಎಂದು ಹೇಳಿದರು. ನಾನು ಒಂದಷ್ಟು ಬಗ್ಗಿ, ಮೈಯ ಭಾರವನ್ನೆಲ್ಲ ಹಗ್ಗಕ್ಕೆ ಬಿಟ್ಟೆ. ಗಿಡ್ಡವಳಾದರೂ ತೂಕದಲ್ಲಿ ನಾನು ಕಡಿಮೆಯವಳಲ್ಲ. ಪೈಪು ತಿರುಗಿತು, ದೋಣಿ ತಾನಾಗಿಯೇ ಮೇಲೇರಿ ಬಂದು ಮುಂದಿನ ಪೈಪಿನ ಮೇಲೆ ಧಡ್ ಎಂದು ಮಲಗಿತು. ನನಗೆ ನಗು ಬಂತು, ಇವರಿಗೂ ಬಂತು. ಮೂರನ್ನೂ, ಅವುಗಳ ಮೇಲೆ ಎರಡು ಹಲಗೆಗಳನ್ನೂ ಏರಿಸಿ ಇಳಿಸಿ ಅಭ್ಯಾಸ ಮಾಡುವಷ್ಟರಲ್ಲಿ ಅಂಗೈ ಸುಲಿದಿತ್ತು, ಆದರೆ ಮಧ್ಯಾಹ್ನ ಇವರು ಎರಡು ಸಲ ಅನ್ನ ಬಡಿಸಿಕೊಂಡರು.

ಭಾನುವಾರ ಕಾಪುವಿಗೆ ಹೋದೆವು. ಬೆಳಗ್ಗೆ ಅಂಗಳದಲ್ಲಿ ಹೇರಿದ್ದನ್ನು ಯಾರೂ ನೋಡಿರಲಿಲ್ಲ. ಇಳಿಸುವುದು ಸುಲಭ, ಅದಕ್ಕೂ ಯಾರ ಗಮನವಿಲ್ಲ. ಕಡಲು ಅಂದು ಶಾಂತವಾಗಿತ್ತು. ಪಾಠ ಮುಗಿದು ವಾಪಸು ಹೇರುವ ಹೊತ್ತಿಗೆ ಬಿಸಿಲು ಏರಿತ್ತು, ಕಲಿಯಲು ಬಂದವರು ಹತ್ತು ಹನ್ನೆರಡು ಜನ ಸುತ್ತ ನಿಂತು ಎಳನೀರು ಕುಡಿಯುತ್ತಿದ್ದರು. ಮೇಡಂ ಕೂಡ ಅಲ್ಲೇ ಇದ್ದರು. ಒಂದು ದೋಣಿ ಮೇಲೇರಿತು. ಎರಡನೆಯದಕ್ಕೆ ಹಗ್ಗ ಕಟ್ಟಿ ಮುಂದೆ ಬರುವಾಗ ಕಲಿಯಲು ಬಂದವರಲ್ಲಿ ಒಬ್ಬ ಗಟ್ಟಿ ಆಳು ಮುಂದೆ ಬಂದ. ಆಂಟಿ, ನೀವು ಬಿಡಿ, ಅಂಕಲ್ ಇದ್ದಾರಲ್ಲ, ನಾವಿಬ್ಬರೂ ಎತ್ತಿ ಇಡುತ್ತೇವೆ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಮೇಡಂ ನಕ್ಕು, ಹೌದು, ಅಕ್ಕನ ಕೈಯಲ್ಲಿ ಎಳೆಸುತ್ತಿದ್ದೀರಿ, ನೀವು ರಜೆಯಲ್ಲಿ ಸೋಮಾರಿಯಾಗಿದ್ದೀರಿ ಅಲ್ವಾ ಎಂದು ಇವರನ್ನು ಛೇಡಿಸಿದರು.

ಎಲ್ಲರೂ ಇವರ ಕಡೆ ನೋಡಿದರು. ಈ ಮನುಷ್ಯ ನನಗೆ ಗೊತ್ತು. ಹತ್ತು ಜನರ ಎದುರು ಸೋಮಾರಿ ಎನಿಸಿಕೊಳ್ಳುವ ಜಾತಿಯಲ್ಲ. ಒಂದು ಹೆಜ್ಜೆ ಮುಂದೆ ಬಂದೇ ಬಂದರು, ದೋಣಿಯ ಮೈಮೇಲೆ ಕೈಯನ್ನೂ ಇಟ್ಟರು. ನಾನು ಬಾಯಿ ತೆರೆಯುವ ಮೊದಲೇ ಕೈ ಹಿಂದಕ್ಕೆ ತೆಗೆದರು.

"ನಾನು ಎತ್ತಬಾರದು," ಎಂದರು. "ನನಗೆ ಬೈಪಾಸ್ ಆಗಿದೆ. ಊರಿನ ತಕರಾರು ಎಂದು ಹೇಳಿದ್ದು ಸುಳ್ಳು ಮೇಡಂ, ಆಸ್ಪತ್ರೆಯಲ್ಲಿದ್ದೆ. ಇನ್ನು ಮುಂದೆಯೂ ನಾನು ಎತ್ತುವ ಹಾಗಿಲ್ಲ. ಇವಳು ಎಳೆದು ಹೇರುತ್ತಾಳೆ."

ಬೈಪಾಸ್ ಎಂಬ ಶಬ್ದವನ್ನು ಇವರ ಬಾಯಲ್ಲಿ ಹೊರಗಿನವರ ಎದುರು ನಾನು ಕೇಳಿದ್ದು ಅದೇ ಮೊದಲು. ಗಟ್ಟಿ ಆಳು ಹಿಂದೆ ಸರಿದ. ಮೇಡಂ ಎಳನೀರನ್ನು ಮರಳಿನ ಮೇಲಿಟ್ಟರು. ಕೆಲಸ ಹೋಯಿತು ಎಂದುಕೊಂಡೆ ನಾನು. ಹೋಗಲಿ, ಇವರಿದ್ದಾರಲ್ಲ ಎಂದೂ ಅಂದುಕೊಂಡೆ.

"ಮುಂದಿನ ಭಾನುವಾರ ಕಾರ್ಕಳದ ಕೆರೆ," ಎಂದರು ಮೇಡಂ. "ಐದೂವರೆಗೇ ಹೊರಡಬೇಕಾಗುತ್ತದೆ. ಆಗುತ್ತದಾ?"

ಇವರು ತಿರುಗಿ, ವ್ಯಾನಿನ ಮುಂದೆ ಹಗ್ಗ ಹಿಡಿದು ನಿಂತಿದ್ದ ನನ್ನನ್ನು ನೋಡಿದರು. ಇಷ್ಟು ವರ್ಷಗಳಲ್ಲಿ ಒಂದು ದಿನವೂ ಕೆಲಸ ಒಪ್ಪಿಕೊಳ್ಳುವ ಮೊದಲು ನನ್ನ ಮುಖ ನೋಡಿದವರಲ್ಲ. ಆಗುತ್ತದೆ ಮೇಡಂ ಎಂದು ಹೇಳಿ, ಬಗ್ಗಿ ಎಳೆದೆ.