ಹರಕತ್ ಇಲ್ಲ

ಗೋಡೆಗೆ ಅಂಟಿಸಿದ ಕಾಗದ ಕಂಡರೆ ಓದದೆ ಮುಂದೆ ಹೋಗುವವಳಲ್ಲ ನಾನು. ಈ ಚಟ ಹತ್ತಿದ್ದು ಸೋಲಾಪುರದ ಮಿಲ್ಲಿನಲ್ಲಿ. ಅಲ್ಲಿ ನಾನು ನೂಲು ಸುತ್ತುವ ಖಾತೆಯಲ್ಲಿ ಕೆಲಸಕ್ಕಿದ್ದೆ. ಪಾಳಿ ಬದಲಾದರೂ ಅಷ್ಟೇ, ಖಾತೆ ಬಂದ್ ಆದರೂ ಅಷ್ಟೇ, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗೇಟಿನ ಪಕ್ಕದ ಹಲಗೆಯ ಮೇಲೆ ಮರಾಠಿಯಲ್ಲಿ ಒಂದು ಕಾಗದ ಕಾಣಿಸಿಕೊಳ್ಳುತ್ತಿತ್ತು. ಅದನ್ನು ಓದದವಳು ಮರುದಿನ ಮಿಲ್ಲಿನ ಭೋಂಗಾ ಕೂಗಿದ್ದು ಕೇಳಿ ಓಡೋಡಿ ಬಂದು, ಮುಚ್ಚಿದ ಗೇಟಿನ ಮುಂದೆ ಬುತ್ತಿಗಂಟು ಹಿಡಿದು ನಿಲ್ಲಬೇಕು. ಒಮ್ಮೆ ನಾನೂ ಹಾಗೆ ನಿಂತೆ. ಊರಿನ ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ಮರಾಠಿ ಅಕ್ಷರ ಬರುತ್ತಿರಲಿಲ್ಲ. ಆ ಸಿಟ್ಟಿಗೇ ಜೊತೆಯಲ್ಲಿ ಕೆಲಸ ಮಾಡುವವಳೊಬ್ಬಳ ಬೆನ್ನು ಹತ್ತಿ, ಮರಾಠಿ ಅಚ್ಚಾಗುವ ಆ ಬಾಳಬೋಧ ಅಕ್ಷರ ಕಲಿತುಕೊಂಡೆ.

ನಮ್ಮೂರು ಅಕ್ಕಲಕೋಟೆಯ ಆಚೆ. ಹೆಸರು ಹೇಳುವುದಿಲ್ಲ. ಹೇಳಿದರೆ ಈಗ ಅಲ್ಲಿ ಕುರ್ಚಿಯ ಮೇಲೆ ಕೂತವರು ತಮಗೇ ಅಂದಿದ್ದೆಂದು ಮೂಗು ಮುರಿಯುತ್ತಾರೆ. ಊರು ಸಣ್ಣದಾದರೂ ಅದಕ್ಕೊಂದು ಮುನಸಿಪಾಲಿಟಿ ಇತ್ತು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಕೆಲವು ವರ್ಷಗಳಾಗಿದ್ದವು. ಇನ್ನು ನಮ್ಮದೇ ರಾಜ್ಯ, ಯಾರು ಬೇಕಾದರೂ ಕೇಳಬಹುದು ಎಂದು ಪೇಟೆಯಲ್ಲಿ ಭಾಷಣಗಳಾಗಿದ್ದವು. ನಾನು ಅದನ್ನು ನಿಜವೆಂದೇ ನಂಬಿಬಿಟ್ಟೆ. ಮನೆ ಮನೆಯಲ್ಲಿ ಆಡುವುದು ಕನ್ನಡ, ಕಚೇರಿಯಲ್ಲಿ ಮಾತ್ರ ಮರಾಠಿ. ಮುನಸಿಪಾಲಿಟಿಯ ಅಧ್ಯಕ್ಷರೂ ಮನೆಯಲ್ಲಿ ಅಚ್ಚ ಕನ್ನಡದವರೇ. ಕಚೇರಿಯ ಮೆಟ್ಟಿಲು ಹತ್ತಿದ ಮೇಲೆ ಅವರ ನಾಲಿಗೆ ತಿರುಗುತ್ತಿದ್ದುದೇ ಬೇರೆ.

ಊರಲ್ಲಿ ಅವ್ವ ಮತ್ತು ತಂಗಿ ಇದ್ದರು. ಅಪ್ಪ ತೀರಿಕೊಂಡಿದ್ದ. ತಂಗಿ ಹೆಣ್ಣುಮಕ್ಕಳ ಕನ್ನಡ ಸಾಲೆಯಲ್ಲಿ ಆರನೆಯ ಇಯತ್ತೆ. ಇನ್ನೊಂದು ವರ್ಷ ಕಳೆದರೆ ಏಳನೆಯದು, ಅದರ ಕೊನೆಗೆ ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದರೆ ಹುಡುಗಿ ಸಾಲೆಯ ಅಕ್ಕೋರಾಗಬಹುದಿತ್ತು. ಅವಳಂತೂ ಆಗಲೇ ಅಕ್ಕೋರಾಗಿದ್ದಳು. ಒಲೆಯ ಮೇಲಿನ ಗೋಡೆಗೆ ಇದ್ದಿಲಿನಿಂದ ಅಕ್ಷರ ಬರೆದು, ಕಣ್ಣು ಮಂಜಾಗುತ್ತಿದ್ದ ಅವ್ವನನ್ನು ಹತ್ತಿರ ನಿಲ್ಲಿಸಿ, "ಇದ್ಯಾವುದು ಹೇಳಬೇ" ಎಂದು ಜೋರು ಮಾಡುತ್ತಿದ್ದಳು. ಅವ್ವ ಬೇಕೆಂದೇ ತಪ್ಪು ಹೇಳಿ ಬೈಸಿಕೊಳ್ಳುತ್ತಿದ್ದಳು. ನಾನು ಮಿಲ್ಲಿನ ಧೂಳು ಕುಡಿಯುತ್ತಿದ್ದುದು ಈ ಹುಡುಗಿ ಕುಡಿಯಬಾರದೆಂದು.

ಒಂದು ಭಾನುವಾರ ಬಸ್ಸಿಳಿದು ಬರುತ್ತ ಮುನಸಿಪಾಲಿಟಿಯ ಜಗುಲಿಯ ಮೇಲೆ ಕಣ್ಣಾಡಿಸಿದೆ. ಬಾಗಿಲ ಪಕ್ಕದ ಗೋಡೆಗೆ ನೋಟೀಸು ಅಂಟಿತ್ತು. ಅದನ್ನು ಅಂಟಿಸಿದ ಜಾಗ ನೋಡಿ ಮೈ ಉರಿಯಿತು. ಕಚೇರಿಯ ಬಾಗಿಲು ಹೊರಗೆ ತೆರೆಯುವಂಥದು. ತೆರೆದಾಗ ಕದ ಗೋಡೆಗೆ ಒರಗಿ ನೋಟೀಸನ್ನು ಪೂರಾ ಮುಚ್ಚುತ್ತದೆ. ಕಚೇರಿ ಮುಚ್ಚಿದ ದಿನ ಮಾತ್ರ ಅದು ಕಾಣುತ್ತದೆ. ಕಂಡ ದಿನ ಕೇಳೋಣವೆಂದರೆ ಒಳಗೆ ಯಾರೂ ಇರುವುದಿಲ್ಲ.

ಅಕ್ಷರ ಅಕ್ಷರ ಕೂಡಿಸಿ ಓದಿದೆ. ಹೆಣ್ಣುಮಕ್ಕಳ ಸಾಲೆಯ ಕಟ್ಟಡವನ್ನು ಶೇಂಗಾ ವ್ಯಾಪಾರಿಯೊಬ್ಬರ ಗೋದಾಮಿಗೆ ಕೊಡುವುದು. ಸಾಲೆಯನ್ನು ಹಳ್ಳದ ಆಚೆ, ಬಸ್ಸಿನ ರಸ್ತೆಯ ಪತ್ರಾಸ್ ತಗಡಿನ ಚಪ್ಪರಕ್ಕೆ ಸಾಗಿಸುವುದು. ಯಾರದಾದರೂ ಹರಕತ್ ಇದ್ದರೆ ಹದಿನೈದು ದಿವಸದೊಳಗೆ ಬರೆದು ಕೊಡುವುದು. ಹಳ್ಳ ದಾಟಿ, ಲಾರಿ ನಿಲ್ಲುವ ಜಾಗದಲ್ಲಿ ಹಾದು ಸಾಲೆಗೆ ಹೋಗೆಂದು ನಮ್ಮ ಓಣಿಯ ಯಾವ ತಾಯಿಯೂ ಬೆಳೆದ ಹುಡುಗಿಯನ್ನು ಕಳಿಸುವುದಿಲ್ಲ. ಇದು ಊರಿಗೆಲ್ಲ ಗೊತ್ತು, ಅಧ್ಯಕ್ಷರಿಗೂ ಗೊತ್ತು. ನೋಟೀಸಿನ ಮೇಲಿನ ತಾರೀಖು ನೋಡಿದರೆ ಒಂಬತ್ತು ದಿವಸ ಆಗಲೇ ಕಳೆದಿದ್ದವು.

ಇಲ್ಲಿ ಒಂದು ಮಾತು ಹೇಳಬೇಕು. ಹರಕತ್ ಅಂದರೆ ಕಚೇರಿಯವರಿಗೆ ತಕರಾರು. ನಮ್ಮ ಮಂದಿಯ ಬಾಯಲ್ಲಿ ಅದು ಬರೀ ನಯದ ಮಾತು. ಸಂತೆಯಲ್ಲಿ ಯಾರಾದರೂ ಕಾಲು ತುಳಿದರೆ "ಹರಕತ್ ಇಲ್ರಿ" ಅನ್ನುತ್ತೇವೆ. ಬೀಗರ ಚಹಾದಲ್ಲಿ ಸಕ್ಕರೆ ಇರದಿದ್ದರೂ ಹರಕತ್ ಇಲ್ಲ. ಬೆರಳು ಬಾಗಿಲಿಗೆ ಸಿಕ್ಕಿ ಜಜ್ಜಿದರೂ, ಪರರ ಮನೆಯಾದರೆ, ಹರಕತ್ ಇಲ್ಲ.

ಓಣಿಯಲ್ಲಿ ಒಬ್ಬ ನಿವೃತ್ತ ಟಪಾಲಿನವರಿದ್ದರು. ಎಲ್ಲರೂ ಕಾಕಾ ಅನ್ನುತ್ತಿದ್ದೆವು. ಊರಿನ ಕಾಗದಪತ್ರದ ಗೂಢವೆಲ್ಲ ಅವರ ತಲೆಯಲ್ಲಿ. ಅವರನ್ನು ಕೂಡಿಸಿಕೊಂಡು ಕನ್ನಡದಲ್ಲಿ ಅರ್ಜಿ ಬರೆದೆ. ತಾಯಂದಿರ ಹೆಬ್ಬೆಟ್ಟು ಹಾಕಿಸಿದೆ. ಒಂದು ಪಾಳಿ ಬಿಟ್ಟು ಸೋಮವಾರ ಕಚೇರಿಗೆ ಹೋದೆ. ಕಾರಕೂನ ಅರ್ಜಿಯನ್ನು ಮುಟ್ಟಲೂ ಇಲ್ಲ.

"ಕನ್ನಡ ನಡಿಯೂದಿಲ್ಲ ಬಾಯಿ. ಮರಾಠಿನ್ಯಾಗ ತರ್ರಿ."

"ನಿಮಗ ಕನ್ನಡ ಬರೂದಿಲ್ಲೇನ್ರಿ?"

"ನನಗ ಬರ್ತೈತಿ. ಫಾಯಿಲಿಗೆ ಬರೂದಿಲ್ಲ."

ಕಾಕಾ ಆ ಸಂಜೆಯೇ ಕೂತು ಮರಾಠಿಯಲ್ಲಿ ಬರೆದುಕೊಟ್ಟರು. ಆದರೆ ಅವರು ಬರೆದದ್ದು ಮೋಡಿ ಲಿಪಿಯಲ್ಲಿ. ಅವರ ಕಾಲದಲ್ಲಿ ಕಚೇರಿಯ ಬರಹವೆಲ್ಲ ಆ ಸುರುಳಿ ಸುರುಳಿ ಅಕ್ಷರದಲ್ಲೇ ನಡೆಯುತ್ತಿತ್ತು. ನಾನು ಸೋಲಾಪುರಕ್ಕೆ ಮರಳಿದ್ದೆ. ಕಾಕಾ ತಾವೇ ಒಯ್ದು ಕೊಟ್ಟರು. ಕಾರಕೂನ ಅದನ್ನು ಎರಡು ದಿವಸ ಮೇಜಿನ ಮೇಲಿಟ್ಟುಕೊಂಡು, ಮೂರನೆಯ ದಿವಸ, "ಮೋಡಿ ಬಂದ ಆಗೇತಿ ಕಾಕಾ, ಬಾಳಬೋಧ ಬೇಕು" ಎಂದು ಮರಳಿ ಕೊಟ್ಟ. ಕಾಕಾ ಸೋಲಾಪುರಕ್ಕೆ ಚೀಟಿ ಕಳಿಸಿದರು. ನಾನು ಮತ್ತೊಂದು ಪಾಳಿ ಬಿಟ್ಟು ಬಂದೆ. ಅವರಿಗೆ ಕಚೇರಿಯ ಮರಾಠಿ ಬರುತ್ತಿತ್ತು, ನನಗೆ ಆ ಅಕ್ಷರ ಬರುತ್ತಿತ್ತು. ಅವರು ಹೇಳಿದರು, ನಾನು ಬರೆದೆ. ತೆಗೆದುಕೊಂಡು ಹೋದಾಗ ಹದಿನಾರನೆಯ ದಿವಸ. ಕಾರಕೂನ ಗೋಡೆಯ ಕ್ಯಾಲೆಂಡರಿಗೆ ಬೆರಳು ತೋರಿಸಿದ. ನಾನು ಹಲ್ಲು ಕಡಿಯುತ್ತ ಅಲ್ಲೇ ನಿಂತೆ.

ಒಳಗಿನಿಂದ ಅಧ್ಯಕ್ಷರು ಬಂದರು. ಎಷ್ಟು ಮೃದು ಮನುಷ್ಯ! "ಬರಹ ಯಾಕ ಬೇಕು ಬಾಯಿ, ನಾವೇನು ಹೊರಗಿನವರಾ? ಬರೂ ಸಭಾಕ್ಕ ಎಲ್ಲಾರೂ ಬರ್ರಿ, ಬಾಯಿಲೇ ಹೇಳ್ರಿ. ಬರಕೋತೇವಿ." ನನಗೆ ಜಗುಲಿಯಿಂದ ಹಾರಿ ಓಣಿಯವರೆಗೆ ಓಡುವಷ್ಟು ಖುಷಿಯಾಯಿತು. ಜೊತೆಗೆ ಬಂದಿದ್ದ ಕಾಕಾ ಮಾತ್ರ ಒಂದು ಚಿಟಿಕೆ ನಶ್ಯ ಏರಿಸಿ ಮೆಟ್ಟಿಲಿಳಿದರು.

ಸಭೆಯ ದಿನ ತಾಯಂದಿರನ್ನೆಲ್ಲ ಎಬ್ಬಿಸಿಕೊಂಡು ಬೆಳಗ್ಗೆಯೇ ಹೋದೆ. ಅವ್ವನೂ ನನ್ನ ಭುಜ ಹಿಡಿದು ಬಂದಳು. ಹೊಲದ ಕೆಲಸ, ಕೂಸು, ಒಲೆ, ಎಲ್ಲ ಬಿಟ್ಟು ಬಂದವರು. ಹೋದ ಕೂಡಲೇ ಕಾರಕೂನನಿಂದ ಹಾಜರಿ ಕಾಗದ ಕೇಳಿ ಇಸಿದುಕೊಂಡೆ. "ಹೆಬ್ಬಟ್ಟ ಒತ್ರಿ, ಇಲ್ಲಂದ್ರ ನಾಳೆ ನೀವು ಬಂದ ಇರಲಿಲ್ಲ ಅಂತಾರ" ಎಂದು ಒಬ್ಬೊಬ್ಬರ ಕೈ ಹಿಡಿದು ಒತ್ತಿಸಿದೆ. ಶಾಣ್ಯಾಕೆ ನಾನು! ಮಿಲ್ಲಿನಲ್ಲಿ ಕಲಿತ ಬುದ್ಧಿಯೆಲ್ಲ ಅಲ್ಲಿ ಖರ್ಚು ಮಾಡಿದೆ.

ಆಮೇಲೆ ಜಗುಲಿಯಲ್ಲಿ ನಿಲ್ಲಿಸಿದರು. ಬಿಸಿಲು ಮೆಟ್ಟಿಲು ಹತ್ತಿ ನಮ್ಮ ಕಾಲಿಗೆ ಬಂತು, ಕಾಲಿನಿಂದ ತಲೆಗೆ ಬಂತು. ಒಳಗೆ ಚಹಾದ ಕಪ್ಪು-ಬಸಿಗಳ ಸದ್ದು, ನಗೆ. ಅವ್ವ ಗೋಡೆಗೆ ಒರಗಿ ಕುಕ್ಕರಿಸಿದಳು. ನಾನು ಹೇಳಬೇಕಾದ್ದನ್ನು ಮರಾಠಿಯಲ್ಲಿ ಬಾಯಿಪಾಠ ಮಾಡುತ್ತ ನಿಂತಿದ್ದೆ. ಮಧ್ಯಾಹ್ನ ತಿರುಗಿದ ಮೇಲೆ ಒಳಗೆ ಕರೆದರು. ದೊಡ್ಡ ಮೇಜು, ಸುತ್ತ ಮೆಂಬರುಗಳು, ತುದಿಯಲ್ಲಿ ಪೆನ್ನು ಹಿಡಿದ ಕಾರಕೂನ. ಅಧ್ಯಕ್ಷರು ಕುರ್ಚಿಯಿಂದ ಅರ್ಧ ಎದ್ದರು. ನಮಗಾಗಿ ಎದ್ದರು! ಮರಾಠಿಯಲ್ಲಿ ಕೇಳಿದರು: ಬಹಳ ಹೊತ್ತು ನಿಲ್ಲಬೇಕಾಯಿತು, ತ್ರಾಸವಾಯಿತೇನು?

ಆ ದೊಡ್ಡ ಮನುಷ್ಯ ಎದ್ದು ಕೇಳಿದ್ದಕ್ಕೆ ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ನನಗೂ ಮರಾಠಿ ಬರುತ್ತದೆಂದು ತೋರಿಸುವ ಹುಮ್ಮಸ್ಸು ಬೇರೆ. "ಹರಕತ್ ನಾಹೀ, ಸಾಹೇಬ" ಅಂದೆ. ನನ್ನ ಹಿಂದಿನಿಂದ ತಾಯಂದಿರೆಲ್ಲ ಸೆರಗು ಸರಿಮಾಡಿಕೊಳ್ಳುತ್ತ, "ಹರಕತ್ ಇಲ್ರಿ, ಹರಕತ್ ಇಲ್ರಿ" ಅಂದರು. ಕಾರಕೂನನ ಪೆನ್ನು ಓಡಿದ್ದನ್ನು ನಾನು ಕಂಡೆ. ಬರೆದುಕೊಳ್ಳುತ್ತಿದ್ದಾರೆಂದು ಸಮಾಧಾನವೇ ಆಯಿತು. ಆಮೇಲೆ ನಾನು ಹಳ್ಳದ ಮಾತು, ಲಾರಿಯ ಮಾತು, ಮುಲ್ಕಿಯ ಮಾತು ಎಲ್ಲ ಹೇಳಿದೆ. ಅಧ್ಯಕ್ಷರು ತಲೆದೂಗಿದರು. ಪೆನ್ನು ಓಡಲಿಲ್ಲ. ಅದು ನನ್ನ ಲಕ್ಷ್ಯಕ್ಕೆ ಬಂದದ್ದು ಎಷ್ಟೋ ದಿವಸದ ನಂತರ. ಚಹಾ ಕೊಟ್ಟು ಕಳಿಸಿದರು. ಗೆದ್ದೆವೆಂದುಕೊಂಡು ಮನೆಗೆ ಬಂದೆವು.

ಮುಂದಿನ ತಿಂಗಳ ಒಂದು ಭಾನುವಾರ ಕಾಕಾ ಬಸ್ಸಿನ ಹತ್ತಿರವೇ ನಿಂತಿದ್ದರು. ಕರೆದುಕೊಂಡು ಹೋಗಿ ಮುಚ್ಚಿದ ಬಾಗಿಲ ಪಕ್ಕದ ಗೋಡೆ ತೋರಿಸಿದರು. ಠರಾವಿನ ನಕಲು. ಸಾಲೆಯ ಕಟ್ಟಡ ಗೋದಾಮಿಗೆ. ಕೊನೆಯ ಸಾಲು: "ಪಾಲಕ ಸಮಕ್ಷ ಹಜರ್. ವಿಚಾರಲೇ. ಹರಕತ್ ನಾಹೀ." ತಾಯಂದಿರು ಖುದ್ದಾಗಿ ಬಂದಿದ್ದರು, ಕೇಳಿದೆವು, ಅವರದೇನೂ ತಕರಾರಿಲ್ಲ. ಕೆಳಗೆ ಹೆಬ್ಬೆಟ್ಟಿನ ಹಾಜರಿ ಇದೆಯೆಂಬ ಒಕ್ಕಣೆ. ಆ ಹೆಬ್ಬೆಟ್ಟುಗಳನ್ನು ಒತ್ತಿಸಿದವಳು ನಾನು.

ಮರುದಿನ ಕಾರಕೂನನ ಮೇಜಿನ ಮುಂದೆ ಕೂಗಾಡಿದೆ. ಅವನು ಬೇಸರವಿಲ್ಲದೆ ಹೇಳಿದ: "ನಿಮ್ಮ ಬಾಯಿಲೇ ಅಂದೀರಿ ಬಾಯಿ. ಎಲ್ಲಾರೂ ಕೇಳ್ಯಾರ. ನಾ ಏನು ಸೇರಿಸಿ ಬರದೇನು?"

"ನಿಂತಿದ್ದಕ್ಕ ಅಂದೀನ್ರಿ ಅದು! ಬಿಸಲಾಗ ನಿಂತಿದ್ದಕ್ಕ!"

"ಯಾವುದಕ್ಕ ಅಂತ ನೀವು ಹೇಳಲಿಲ್ಲ."

ಮೇಲಿನ ಕಚೇರಿಗೆ ಅರ್ಜಿ ಹಾಕಿದೆ, ಈ ಸಲ ಬಾಳಬೋಧದಲ್ಲಿ, ತಾರೀಖಿನೊಳಗೆ. ಠರಾವಿನ ಕಾಗದ ಸರಿಯಾಗಿದೆಯೆಂದು ಉತ್ತರ ಬಂತು. ಸರಿಯಾಗಿಯೇ ಇತ್ತು, ಹಾಳಾದದ್ದು. ಒಂದೂ ಸುಳ್ಳು ಅಕ್ಷರ ಅದರಲ್ಲಿರಲಿಲ್ಲ.

ಸಾಲೆಯ ಹಲಗೆ ಹಳ್ಳದ ಆಚೆ ಹೋಯಿತು. ನಮ್ಮ ಓಣಿಯಿಂದ ಒಬ್ಬ ಹುಡುಗಿಯೂ ಹೋಗಲಿಲ್ಲ. ತಂಗಿಯನ್ನು ಸೋಲಾಪುರಕ್ಕೆ ಕರೆದುಕೊಂಡು ಹೋಗುತ್ತೇನೆಂದರೆ ಅವ್ವ ಅತ್ತಳು. ಅವಳ ಕಣ್ಣು ಪೂರಾ ಹೋಗಿತ್ತು. ಜೊತೆಗೆ ಮಿಲ್ಲಿನ ಚಾಳಿನ ವಠಾರದಲ್ಲಿ ಬೆಳೆದ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆಂಬ ಭಯ. ನಾನು ಇದ್ದುದು ನಾಲ್ವರು ಹೆಂಗಸರ ಒಂದು ಖೋಲಿಯಲ್ಲಿ. ಜಗಳವಾಡಿದೆ, ಸೋತೆ. ತಂಗಿ ಯಾರೊಂದಿಗೂ ಜಗಳವಾಡಲಿಲ್ಲ. ಒಲೆಯ ಗೋಡೆಗೆ ಸುಣ್ಣ ಬಳಿದಳು.

ಆಮೇಲೆ ನಾನೂ ಕಾಕಾನೂ ಹಟಕ್ಕೆ ಬಿದ್ದೆವು. ಪ್ರತಿ ಸಭೆಗೂ ಕಾಕಾ ಹೋಗಿ ಹಿಂದಿನ ಬೆಂಚಿನ ಮೇಲೆ ಕೂಡುತ್ತಿದ್ದರು. ಸೂಟಿ ಸಿಕ್ಕಾಗ ನಾನೂ ಕೂಡುತ್ತಿದ್ದೆ. ಬರೆದದ್ದನ್ನು ಓದಿ ಹೇಳಿರೆಂದು ಪ್ರತಿ ಸಲ ಕೇಳುತ್ತಿದ್ದೆವು. ಓಣಿಯ ಹೆಂಗಸರಂತೂ ಆ ಕಚೇರಿಯ ಅಂಗಳದಲ್ಲಿ "ಹರಕತ್ ಇಲ್ಲ" ಅನ್ನುವುದನ್ನೇ ಬಿಟ್ಟರು. ಜವಾನ ದಾರಿ ಬಿಡಿರೆಂದರೂ "ಹರಕತ್ ಐತ್ರಿ!" ಅನ್ನುತ್ತಿದ್ದರು. ಊರು ನಗುತ್ತಿತ್ತು. ನೋಟೀಸನ್ನು ಕದದ ಹಿಂದಿನಿಂದ ಕದದ ಮೇಲೆ ತರಿಸಿದೆವು. ವರ್ಷಗಟ್ಟಲೆ ಬೆಂಚು ಕಾಯ್ದು ನಾವು ಗಳಿಸಿದ್ದು ಅದೊಂದೇ. ಆ ಹೊತ್ತಿಗೆ ಗೋದಾಮಿನಲ್ಲಿ ಶೇಂಗಾ ಚೀಲ ಜಂತಿಗೆ ಮುಟ್ಟಿದ್ದವು.

ನಾನು ಯಾರ ಮುಂದೂ ಒಪ್ಪಿಕೊಳ್ಳದ ಸಂಗತಿ ಒಂದಿತ್ತು. ಕೇಳಿದವರಿಗೆಲ್ಲ "ಹೆಂಗಸರು ಏನೋ ಅಂದರು, ಅವನು ಏನೋ ಬರೆದ" ಎಂದೇ ಹೇಳುತ್ತಿದ್ದೆ. ಮೊದಲು ಬಾಯಿ ತೆರೆದವಳು ನಾನೆಂದು ಹೇಳುತ್ತಿರಲಿಲ್ಲ. ತಾಯಂದಿರು ನನ್ನನ್ನು ಬಿಟ್ಟುಕೊಡಲಿಲ್ಲ. ಅವ್ವನೂ ಹೇಳಲಿಲ್ಲ.

ತಂಗಿಯನ್ನು ಬೋರಾಮಣಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟೆವು. ಹೊಲಮನೆ ಇದ್ದವರು, ಒಳ್ಳೆಯ ಮಂದಿ. ಒಂದು ಸಲ ಹೋದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಮೇಲಿನ ಗೋಡೆಯಲ್ಲಿ ಇದ್ದಿಲಿನ ಅಕ್ಷರಗಳಿದ್ದವು, ಅಆಇಈಯಿಂದ ಕೊನೆಯ ಳಕಾರದವರೆಗೆ.

"ಯಾರಿಗೆ ಕಲಸ್ತೀ?" ಎಂದು ಕೇಳಿದೆ.

"ಯಾರಿಗೂ ಇಲ್ಲಕ್ಕಾ. ಮರೀಬಾರದಂತ ಬರೀತೀನಿ."

ಆಗ ತಡೆಯಲಾಗಲಿಲ್ಲ. "ಅವತ್ತ ಆ ಮಾತು ಮೊದಲ ಅಂದಾಕಿ ನಾನಽ," ಅಂದೆ. "ಅವರೆಲ್ಲಾ ನನ್ನ ಹಿಂದ ಅಂದ್ರು. ನನ್ನಿಂದ ನಿನ್ನ ಸಾಲಿ ಹೋತು."

ಅವಳ ಕೈ ನಿಂತಿತು. ತವೆಯ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಅದನ್ನು ತಿರುವಿ ಹಾಕಿ, ನನ್ನ ಕಡೆ ನೋಡದೆ ಅಂದಳು:

"ಹರಕತ್ ಇಲ್ಲ ಬಿಡಕ್ಕಾ."

ಮತ್ತೆ ಬಡಿಯತೊಡಗಿದಳು. ನಾನು ಗೋಡೆ ನೋಡುತ್ತ ಕೂತೆ. ಅವಳಿಗೆ ಹರಕತ್ ಇತ್ತು. ಅಷ್ಟು ಅರ್ಜಿ ಬರೆದೆ, ಅಷ್ಟು ಹೆಬ್ಬೆಟ್ಟು ಒತ್ತಿಸಿದೆ. ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.